31 ನಾಟ್ ಬರ್ಕ್

ಅಮೆರಿಕದ ಚಾರ್ಲ್ಸ್ ಆಸ್ಬರ್ನ್ ಹಡಗಿನ ಬ್ರಿಜ್ ಮೇಲೆ ಈಗ ಯಾರೂ ಸಿಗರೇಟು ಹಚ್ಚುವ ಹಾಗಿಲ್ಲ. ಬೆಂಕಿಕಡ್ಡಿಯ ಒಂದು ಗೀರು ಸಾಕು, ಕಡಲಿನ ಮೇಲೆ ಅದು ಬಹಳ ದೂರ ಕಾಣುತ್ತದೆ. ಎದುರಾಗಬೇಕಾದವರು ಜಪಾನಿನ ನೌಕಾದಳದವರು. ರಾತ್ರಿ ಕಾಳಗದಲ್ಲಿ ಪಳಗಿದ ಕಣ್ಣುಗಳು ಅವರವು. 1943ರ ನವೆಂಬರ್ 25, ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆ. ಅಮಾವಾಸ್ಯೆ ಹತ್ತಿರ. ಮೋಡ ತಲೆಯ ಮೇಲೇ ಕೂತಿದೆ. ಆಗಾಗ ಒಂದು ಮಳೆ ಬಂದು ಮುಖಕ್ಕೆ ಹೊಡೆದು ಹೋಗುತ್ತದೆ, ಮತ್ತೆ ಬಿಸಿ ಗಾಳಿ. ಅಲೆಯೇನೂ ಇಲ್ಲ. ನೀವು ಹಿಡಿದಿರುವ ಕಬ್ಬಿಣದ ಕಂಬಿ ಮಾತ್ರ ಒಂದೇ ಸಮನೆ ನಡುಗುತ್ತಿದೆ, ಕೆಳಗಿನ ಟರ್ಬೈನುಗಳ ನಡುಕ ಅದು.

ನಿಮ್ಮ ಪಕ್ಕದಲ್ಲಿ ನಿಂತಿರುವ ಗಟ್ಟಿಮುಟ್ಟಾದ ಆಳು ಕ್ಯಾಪ್ಟನ್ ಆರ್ಲೀ ಬರ್ಕ್. ವಯಸ್ಸು 42. ಬಾಯಲ್ಲಿ ಸಾಮಾನ್ಯವಾಗಿ ಪೈಪ್ ಇರುತ್ತದೆ. ಕೊಲರಾಡೊದ ಬೌಲ್ಡರ್ ಬಳಿಯ ಹೊಲದ ಮನೆಯಲ್ಲಿ, ಸಮುದ್ರದಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಹುಟ್ಟಿದವನು. ಅಜ್ಜ ಸ್ವೀಡನ್ನಿನಿಂದ ಬಂದು ಬ್ಯೋರ್ಕ್‌ಗ್ರೆನ್ ಎಂಬ ಹೆಸರನ್ನು ಬರ್ಕ್ ಎಂದು ಮಾಡಿಕೊಂಡ ಬೇಕರಿಯವನು. 1918ರ ಇನ್‌ಫ್ಲುಯೆಂಜಾದಲ್ಲಿ ಶಾಲೆ ಮುಚ್ಚಿತು, ಹುಡುಗನ ಹೈಸ್ಕೂಲು ಅಲ್ಲಿಗೇ ನಿಂತಿತು. ಮರುವರ್ಷ ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಸೇರಿದ. 1923ರ ಜೂನ್ 7ರಂದು ಪದವಿ, ಅದೇ ದಿನ ರಾಬರ್ಟಾ ಗೋರ್ಸಚ್ ಜೊತೆ ಮದುವೆ. ಎಲ್ಲರ ಬಾಯಲ್ಲಿ ಆಕೆ ಬಾಬಿ. ಆಮೇಲೆ ಯುದ್ಧನೌಕೆ ಅರಿಜೋನಾದಲ್ಲಿ ಐದು ವರ್ಷ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್. ಯುದ್ಧ ಶುರುವಾದಾಗ ವಾಷಿಂಗ್ಟನ್ನಿನ ಫಿರಂಗಿ ಕಾರ್ಖಾನೆಯಲ್ಲಿ ಮೇಜಿನ ಮುಂದೆ ಕೂತಿದ್ದ. ಸಮುದ್ರಕ್ಕೆ ಕಳಿಸಿ ಎಂದು ಅರ್ಜಿಯ ಮೇಲೆ ಅರ್ಜಿ ಬರೆದು ಕೊನೆಗೆ ಈ ಸೊಲೊಮನ್ ದ್ವೀಪಗಳಿಗೆ ಬಂದ.

ಈಗ ಅವನ ಕೈಯಲ್ಲಿರುವುದು 23ನೇ ಡೆಸ್ಟ್ರಾಯರ್ ಸ್ಕ್ವಾಡ್ರನ್. ಹುಡುಗರು ತಮ್ಮನ್ನು ‘ಲಿಟಲ್ ಬೀವರ್ಸ್’ ಎಂದು ಕರೆದುಕೊಳ್ಳುತ್ತಾರೆ. ಆಗಿನ ‘ರೆಡ್ ರೈಡರ್’ ಚಿತ್ರಕಥೆಯ ಪುಟ್ಟ ಆದಿವಾಸಿ ಹುಡುಗನ ಹೆಸರು ಅದು. ಅವನ ಚಿತ್ರ ಹಡಗುಗಳ ಮೇಲೂ ಇದೆ. ಇಂದು ರಾತ್ರಿ ಐದು ಹಡಗುಗಳು ಮಾತ್ರ: ಆಸ್ಬರ್ನ್, ಕ್ಲಾಕ್ಸ್‌ಟನ್, ಡೈಸನ್ ಬರ್ಕ್ ಜೊತೆ, ಕಾನ್ವರ್ಸ್ ಮತ್ತು ಸ್ಪೆನ್ಸ್ ಕಮಾಂಡರ್ ಆಸ್ಟಿನ್ ಕೈಯಲ್ಲಿ, ಸ್ವಲ್ಪ ಪಕ್ಕಕ್ಕೆ.

ಸ್ಪೆನ್ಸ್‌ನ ಕಥೆ ನೀವು ನಿನ್ನೆಯೇ ಕೇಳಿದ್ದೀರಿ. ಕುಲಾ ಕೊಲ್ಲಿಯ ಹಾಥಾರ್ನ್ ಸೌಂಡ್‌ನಲ್ಲಿ ಎಣ್ಣೆ ತುಂಬಿಸಿಕೊಳ್ಳುವಾಗ ಅದರ ಒಂದು ಬಾಯ್ಲರ್ ಕೆಟ್ಟಿತ್ತು. ಈ ಜಾತಿಯ ಹಡಗುಗಳು 34 ನಾಟ್ ಓಡಬಲ್ಲವು. ಸ್ಪೆನ್ಸ್ ಜೊತೆಗಿದ್ದರೆ 30. ಆದರೆ ಅದನ್ನು ಬಿಟ್ಟು ಹೋಗಲು ಅದರ ಕಪ್ತಾನನಿಗೂ ಮನಸ್ಸಿಲ್ಲ, ಬರ್ಕ್‌ಗೂ ಇಲ್ಲ. ಉಳಿದ ಬಾಯ್ಲರ್‌ಗಳ ಉಗಿಯನ್ನು ಎರಡೂ ಎಂಜಿನ್ನಿಗೆ ಒಟ್ಟಾಗಿ ಹರಿಯುವಂತೆ ಜೋಡಿಸಿದರೆ ಇನ್ನೊಂದು ನಾಟ್ ಸಿಗುತ್ತದೆ. ಹಾಗೆ ಜೋಡಿಸಿದ ಹಡಗಿಗೆ ಒಂದು ಗುಂಡು ಸರಿಯಾದ ಜಾಗಕ್ಕೆ ಬಿದ್ದರೂ ಇಡೀ ಹಡಗು ನಿಂತುಬಿಡುತ್ತದೆ. ಅದು ಗೊತ್ತಿದ್ದೂ ಜೋಡಿಸಿದರು. 31 ನಾಟ್‌ನಲ್ಲಿ ಬರುತ್ತಿದ್ದೇನೆ ಎಂದು ಬರ್ಕ್ ಸಂದೇಶ ಕಳಿಸಿದ. ಮೇಲಧಿಕಾರಿ ಅಡ್ಮಿರಲ್ ಹಾಲ್ಸಿಯ ಕಚೇರಿಯಲ್ಲಿ ಅದನ್ನು ಓದಿದ ಕ್ಯಾಪ್ಟನ್ ರೇಮಂಡ್ ಥರ್ಬರ್ ಬರ್ಕ್‌ನನ್ನು ಹಿಂದಿನಿಂದಲೂ ಬಲ್ಲವನು. ಮರು ಆಜ್ಞೆಯನ್ನು ಅವನು ಶುರುಮಾಡಿದ್ದೇ ‘31 ನಾಟ್ ಬರ್ಕ್’ ಎಂಬ ಸಂಬೋಧನೆಯಿಂದ. ಬೂಕಾ ದ್ವೀಪ ಮತ್ತು ಜಪಾನಿಯರ ನೆಲೆ ರಬೌಲ್ ನಡುವಿನ ದಾರಿಗೆ ಅಡ್ಡ ನಿಲ್ಲು, ಶತ್ರು ಬಂದರೆ ಏನು ಮಾಡಬೇಕೆಂದು ನಿನಗೇ ಗೊತ್ತು ಎಂಬುದು ಅದರ ಸಾರ. ಪತ್ರಿಕೆಗಳು ಈ ಹೆಸರನ್ನು ಎತ್ತಿಕೊಂಡು ಮಿಂಚಿನ ವೇಗದ ಕಪ್ತಾನ ಎಂದು ಬರೆದವು. ನಿಜದಲ್ಲಿ ಅದು ಕುಂಟುತ್ತಿದ್ದ ಗೆಳೆಯನನ್ನು ಬಿಟ್ಟುಬರದ ವೇಗ. ನನಗೆ ಆ ಅರ್ಥವೇ ದೊಡ್ಡದೆನಿಸುತ್ತದೆ.

ಗಂಟೆ 1:41. ಡೈಸನ್ ಹಡಗಿನ ರಾಡಾರ್ ಕೋಣೆಯಿಂದ ದನಿ ಬರುತ್ತದೆ: ಪೂರ್ವಕ್ಕೆ ಹಡಗುಗಳಿವೆ, ದೂರ 22,000 ಗಜ. ಅಂದರೆ ಇಪ್ಪತ್ತು ಕಿಲೋಮೀಟರ್. ಬೈನಾಕ್ಯುಲರ್ ಎತ್ತಿದರೆ ನಿಮಗೆ ಬರೀ ಕಪ್ಪು. ಆದರೆ ಗಾಜಿನ ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತಿವೆ. ಅತ್ತ ಜಪಾನಿನ ಒನಾಮಿ ಮತ್ತು ಮಾಕಿನಾಮಿ ಬೆಂಗಾವಲಾಗಿ ಮುಂದೆ ಬರುತ್ತಿವೆ, ಅವುಗಳ ಹಿಂದೆ ಅಮಾಗಿರಿ, ಯೂಗಿರಿ, ಉಜುಕಿ. ಹಿಂದಿನ ಮೂರರಲ್ಲಿ ಬೂಕಾದಿಂದ ತೆರವು ಮಾಡಿದ ಸುಮಾರು 700 ವಾಯುದಳ ಸಿಬ್ಬಂದಿ ಇದ್ದಾರೆ. ಆ ಹಡಗುಗಳಲ್ಲಿ ಇನ್ನೂ ಯಾರಿಗೂ ನೀವಿರುವುದು ಗೊತ್ತಿಲ್ಲ.

ಈಗ ಬರ್ಕ್‌ನನ್ನು ನೋಡಿ. ಅವನು ಕೇಳುವುದಿಲ್ಲ, ಕಾಯುವುದಿಲ್ಲ. ಹಡಗುಗಳ ಮೂತಿ ಪೂರ್ವಕ್ಕೆ ತಿರುಗುತ್ತದೆ. ಆಸ್ಟಿನ್‌ಗೆ ಪಕ್ಕದಲ್ಲಿ ನಿಂತು ಕಾಯುವಂತೆ ಹೇಳಿ ತಾನು ಮೂರು ಹಡಗು ತೆಗೆದುಕೊಂಡು ನೇರ ನುಗ್ಗುತ್ತಾನೆ.

ಈ ಚುರುಕು ಹುಟ್ಟಿನಿಂದ ಬಂದದ್ದಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ, ವಾಲರ್ ಎಂಬ ಹಡಗಿನ ಬ್ರಿಜ್ ಮೇಲೆ, ಇಂಥದೇ ಕತ್ತಲಲ್ಲಿ ರಾಡಾರ್‌ನವನು ಕೂಗಿದಾಗ ಬರ್ಕ್ ತಡೆದಿದ್ದ. ಖಚಿತವೇ ಎಂದು ಕೇಳಿ ಒಂದೆರಡು ಉಸಿರಿನಷ್ಟು ಹೊತ್ತು ಕಳೆದಿದ್ದ. ಆ ಕಾದಾಟ ಗೆದ್ದೇ ಮುಗಿಯಿತು, ಆದರೆ ಆ ತಡೆ ಅವನನ್ನು ಬಿಡಲಿಲ್ಲ. ಒಳ್ಳೆಯ ಅಧಿಕಾರಿಗೂ ಸಾಧಾರಣ ಅಧಿಕಾರಿಗೂ ಇರುವ ಅಂತರ ಹತ್ತು ಸೆಕೆಂಡ್ ಎಂದು ಎಳೆಯ ಅಧಿಕಾರಿಗಳಿಗೆ ಹೇಳತೊಡಗಿದ. ಬರೀ ಹೇಳಿದ್ದಲ್ಲ, ಆ ಹತ್ತು ಸೆಕೆಂಡ್ ಎಲ್ಲಿ ಹೋಗುತ್ತವೆ ಎಂದು ಹುಡುಕಿದ. ಅವು ಹೋಗುತ್ತಿದ್ದದ್ದು ಅಪ್ಪಣೆ ಕೇಳುವುದರಲ್ಲಿ. ಆಗಿನ ಪದ್ಧತಿಯಲ್ಲಿ ಡೆಸ್ಟ್ರಾಯರ್‌ಗಳು ಕ್ರೂಸರ್‌ಗಳ ಹಿಂದೆಮುಂದೆ ಸಾಲಾಗಿ ಹೋಗಬೇಕು, ಅಡ್ಮಿರಲ್ ಹೂಂ ಅಂದ ಮೇಲೆ ಟಾರ್ಪಿಡೊ ಬಿಡಬೇಕು. ಹೂಂ ಅನ್ನುವಷ್ಟರಲ್ಲಿ ಜಪಾನಿಯರು ತಮ್ಮ ಟಾರ್ಪಿಡೊ ಬಿಟ್ಟು ತಿರುಗಿಯೂ ಆಗಿರುತ್ತಿತ್ತು. ಬರ್ಕ್ ಬರೆದಿಟ್ಟದ್ದು ಇಷ್ಟು: ಶತ್ರು ಕಂಡ ಕೂಡಲೆ ಡೆಸ್ಟ್ರಾಯರ್‌ಗಳು ತಾವಾಗಿ ದಾಳಿ ಮಾಡಬೇಕು. ಎರಡು ಗುಂಪು. ಒಂದು ಸದ್ದಿಲ್ಲದೆ ಟಾರ್ಪಿಡೊ ಬಿಟ್ಟು ತಿರುಗಿಬಿಡಬೇಕು. ಶತ್ರು ಅತ್ತ ನೋಡುವಾಗ ಎರಡನೆಯದು ಇನ್ನೊಂದು ದಿಕ್ಕಿನಿಂದ ಬೀಳಬೇಕು. ಪ್ಯೂನಿಕ್ ಯುದ್ಧಗಳ ರೋಮನ್ ಸೇನಾನಿ ಸಿಪಿಯೊನ ಬಗ್ಗೆ ಓದಿ ಹೊಳೆದದ್ದಂತೆ. ಈ ಯೋಜನೆಯನ್ನು ಮೊದಲು ಗೆದ್ದು ತೋರಿಸಿದ್ದು ಬರ್ಕ್ ಅಲ್ಲ, ಅವನ ಜಾಗಕ್ಕೆ ಬಂದ ಫ್ರೆಡರಿಕ್ ಮೂಸ್‌ಬ್ರಗರ್, ಆಗಸ್ಟ್‌ನಲ್ಲಿ ವೆಲ್ಲಾ ಕೊಲ್ಲಿಯಲ್ಲಿ. ಇವತ್ತು ಬರ್ಕ್‌ನ ಸರದಿ.

1:56. ಮೂರು ಹಡಗಿನಿಂದ ಐದೈದರಂತೆ ಹದಿನೈದು ಟಾರ್ಪಿಡೊಗಳು ನೀರಿಗೆ ಬೀಳುತ್ತವೆ. ದೂರ ನಾಲ್ಕೈದು ಸಾವಿರ ಗಜ. ಫಿರಂಗಿ ಹಾರಿಸಿಲ್ಲ, ಒಂದು ಬೆಳಕಿಲ್ಲ. ಮರುಕ್ಷಣವೇ ಎಲ್ಲ ಹಡಗೂ ಬಲಕ್ಕೆ 90 ಡಿಗ್ರಿ ತಿರುಗುತ್ತವೆ, ಶತ್ರು ಟಾರ್ಪಿಡೊ ಬಿಟ್ಟಿದ್ದರೆ ತಪ್ಪಿಸಿಕೊಳ್ಳಲು. ಡೆಕ್ ಓರೆಯಾಗುತ್ತದೆ, ನೀವು ಕಂಬಿಗೆ ಜೋತು ಬೀಳುತ್ತೀರಿ. ಈಗ ಮಾಡುವುದೇನೂ ಇಲ್ಲ, ಕೈಗಡಿಯಾರ ನೋಡುವುದು ಬಿಟ್ಟರೆ. ಒಂದು ನಿಮಿಷ. ಎರಡು. ಯಾರೋ ಹಿಂದೆ ಮೆಲ್ಲಗೆ ಎಣಿಸುತ್ತಿದ್ದಾನೆ.

ಆಮೇಲೆ ಪೂರ್ವ ದಿಕ್ಕು ಕಿತ್ತಳೆಯಾಗುತ್ತದೆ. ಒನಾಮಿ ಒಂದೇ ಸಲ ಸ್ಫೋಟಿಸಿ ನೂರಾರು ಅಡಿ ಎತ್ತರದ ಬೆಂಕಿಯಾಗುತ್ತದೆ. ಅದರಲ್ಲಿದ್ದ ಕ್ಯಾಪ್ಟನ್ ಕಾಗಾವಾ ಕಿಯೊತೊ ಮತ್ತು ಅವನ ಎಲ್ಲ ಸಂಗಾತಿಗಳು ಆ ಕ್ಷಣದಲ್ಲೇ ಹೋದರು. ಮಾಕಿನಾಮಿ ನಡುಮುರಿದು ತೇಲುತ್ತದೆ; ಅದನ್ನು ಮುಗಿಸುವ ಕೆಲಸ ಆಸ್ಟಿನ್‌ಗೆ. ಉಳಿದ ಮೂರು ಹಡಗುಗಳು ಉತ್ತರಕ್ಕೆ ಓಟ ಕೀಳುತ್ತವೆ. ಬರ್ಕ್ ಬೆನ್ನು ಹತ್ತುತ್ತಾನೆ.

ಇಲ್ಲಿ ನಡೆದದ್ದಕ್ಕೆ ಲೆಕ್ಕಾಚಾರವೇ ಇಲ್ಲ. ನೆಟ್ಟಗೆ ಓಡುತ್ತಿದ್ದ ಹಡಗುಗಳನ್ನು ಬರ್ಕ್ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿಸುತ್ತಾನೆ. ರಾಡಾರ್ ಏನೂ ಹೇಳಿಲ್ಲ, ಯಾರೂ ಏನೂ ಕಂಡಿಲ್ಲ. ಒಂದು ನಿಮಿಷ ಹಾಗೆ ಹೋಗಿ ಮತ್ತೆ ಹಳೆಯ ದಿಕ್ಕಿಗೆ ಬರುತ್ತಾನೆ. ಬೆನ್ನಟ್ಟುವಾಗ ಇಂಥ ಅಡ್ಡ ಹೆಜ್ಜೆಯೆಂದರೆ ಕೈಗೆ ಬಂದ ದೂರ ಕಳೆದುಕೊಂಡಂತೆ. ಅಷ್ಟರಲ್ಲಿ ಹಿಂದೆ, ಹಡಗುಗಳು ಬಿಟ್ಟುಹೋದ ನೊರೆಯ ಸಾಲಿನಲ್ಲಿ, ಮೂರು ಮಹಾಸ್ಫೋಟ. ಯೂಗಿರಿ ಬಿಟ್ಟ ಟಾರ್ಪಿಡೊಗಳು. ಹಡಗು ಎಷ್ಟು ಜೋರಾಗಿ ಅದುರುತ್ತದೆ ಎಂದರೆ ತನ್ನ ಹಡಗಿನ ಮೂತಿ ಇನ್ನೂ ಇದೆಯೇ ಎಂದು ಬರ್ಕ್ ಬಗ್ಗಿ ನೋಡುತ್ತಾನೆ.

ಮೂತಿ ಇದೆ. ಮುಂದಿನ ಫಿರಂಗಿಗಳು ಗುಂಡು ಹಾರಿಸಲು ಶುರುಮಾಡಿದವು. ಓಡುತ್ತಿದ್ದ ಮೂವರು ಮೂರು ದಿಕ್ಕಿಗೆ ಒಡೆದರು. ಬರ್ಕ್ ತನ್ನ ಮೂರನ್ನೂ ಒಡೆಯದೆ ಯೂಗಿರಿಯ ಮೇಲೆಯೇ ಬಿಟ್ಟ. 3:28ಕ್ಕೆ ಅದು ಮುಳುಗಿತು. ಅಮಾಗಿರಿ, ಉಜುಕಿ ತಪ್ಪಿಸಿಕೊಂಡವು. ನಾಲ್ಕು ಗಂಟೆ ಕಳೆಯುತ್ತಿದ್ದಂತೆ ಬರ್ಕ್ ಹಡಗು ತಿರುಗಿಸಿದ. ಮುಂದೆ ಸೇಂಟ್ ಜಾರ್ಜ್ ಭೂಶಿರ, ಅದರಾಚೆ ರಬೌಲ್, ಅಲ್ಲಿಯ ವಿಮಾನಗಳು. ಬೆಳಗಾಗುವ ಮೊದಲು ದೂರ ಹೋಗಬೇಕಿತ್ತು. ಐದೂ ಅಮೆರಿಕನ್ ಹಡಗುಗಳಿಗೆ ಒಂದು ಗುಂಡೂ ತಾಗಿರಲಿಲ್ಲ, ಒಬ್ಬನೂ ಸತ್ತಿರಲಿಲ್ಲ. ಅಂದು ಗುರುವಾರ, ಅವರ ಕೃತಜ್ಞತಾ ಹಬ್ಬ. ರಾತ್ರಿ ಪರ್ವಿಸ್ ಕೊಲ್ಲಿ ಸೇರಿದ ಮೇಲೆ ಪ್ರಾರ್ಥನೆ ಮಾಡಿದರು. ಆಚೆ ಕಡೆ ಸತ್ತವರು ಆರುನೂರಕ್ಕೂ ಹೆಚ್ಚು. ಈ ಎರಡೂ ಸಂಗತಿಯನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಆ ರಾತ್ರಿಗೆ ಅನ್ಯಾಯವಾಗುತ್ತದೆ. ಬೇನೆಯಿದ್ದೂ ಜೊತೆಗೆ ಓಡಿದ ಸ್ಪೆನ್ಸ್ ಕೂಡ ಉಳಿಯಲಿಲ್ಲ. 1944ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್ ಬಳಿ ಚಂಡಮಾರುತಕ್ಕೆ ಸಿಕ್ಕಿ ಮಗುಚಿಕೊಂಡಿತು. ಬದುಕಿ ಬಂದವರು 24 ಜನ.

1943ರ ನವೆಂಬರ್‌ನಿಂದ ಮರು ಫೆಬ್ರುವರಿವರೆಗೆ ಲಿಟಲ್ ಬೀವರ್ಸ್ 22 ಸಲ ಕಾದಿದರು. ಒಂದು ಕ್ರೂಸರ್, ಒಂಬತ್ತು ಡೆಸ್ಟ್ರಾಯರ್, ಒಂದು ಸಬ್‌ಮರೀನ್, ಸುಮಾರು 30 ವಿಮಾನ ಅವರ ಲೆಕ್ಕದಲ್ಲಿವೆ. ಆಮೇಲೆ ಬರ್ಕ್‌ಗೆ ಇಷ್ಟವಿಲ್ಲದ ಬಡ್ತಿ ಬಂತು: ವಿಮಾನವಾಹಕ ನೌಕೆಗಳ ಅಡ್ಮಿರಲ್ ಮಾರ್ಕ್ ಮಿಚರ್‌ಗೆ ಚೀಫ್ ಆಫ್ ಸ್ಟಾಫ್. ಮಿಚರ್ ಹಳೆಯ ವಿಮಾನ ಚಾಲಕ, ಡೆಸ್ಟ್ರಾಯರ್ ಮನುಷ್ಯನೊಬ್ಬ ಅವನಿಗೆ ಬೇಕಿರಲಿಲ್ಲ, ಮೊದಮೊದಲು ಮಾತೇ ಆಡಲಿಲ್ಲ. ಕ್ರಮೇಣ ಒಬ್ಬರಿಲ್ಲದೆ ಒಬ್ಬರಿಗೆ ಆಗದಂತಾಯಿತು. ಡೆಸ್ಟ್ರಾಯರ್ ಒಂದು ಪಕ್ಕಕ್ಕೆ ಬಂದು ನಿಂತಾಗಲೆಲ್ಲ, ಅದು ಹೋಗುವವರೆಗೆ ಬರ್ಕ್‌ನನ್ನು ಹಿಡಿದಿಟ್ಟುಕೊಳ್ಳಿ ಎಂದು ಮಿಚರ್ ಕಾವಲುಗಾರನಿಗೆ ಹೇಳುತ್ತಿದ್ದನಂತೆ.

1945ರ ಮೇ 11, ಒಕಿನಾವಾ ಸಮುದ್ರ, ಬಂಕರ್ ಹಿಲ್ ನೌಕೆ. ಎರಡು ಆತ್ಮಾಹುತಿ ವಿಮಾನಗಳು ಒಂದರ ಹಿಂದೊಂದು ಬಂದು ಬಿದ್ದಿವೆ. ನೀವು ನಿಂತ ಕಡೆ ಎಣ್ಣೆ ಉರಿಯುವ ವಾಸನೆ, ಬಣ್ಣ ಗುಳ್ಳೆಯೇಳುತ್ತಿರುವ ಗೋಡೆ. ರೇಡಿಯೊ ಕೋಣೆ ತುಂಬ ಹೊಗೆ, ಒಳಗೆ ಹುಡುಗರು ಸಿಕ್ಕಿಬಿದ್ದಿದ್ದಾರೆ. ಬರ್ಕ್ ಒಳಗೆ ಹೋಗಿ ಎಳೆದು ತರುತ್ತಾನೆ. ಆ ದಿನ ಸತ್ತವರು ನಾಲ್ಕುನೂರರ ಹತ್ತಿರ. ಮಿಚರ್ ಮತ್ತು ಅವನ ತಂಡ ಎಂಟರ್‌ಪ್ರೈಸ್‌ಗೆ ಬಂದರು, ಮೂರು ದಿನಕ್ಕೆ ಅದರ ಮೇಲೂ ವಿಮಾನ ಬಿತ್ತು, ಅಲ್ಲಿಂದ ರ‍್ಯಾಂಡಾಲ್ಫ್‌ಗೆ ಹೋದರು.

ಯುದ್ಧದ ನಂತರದ ಬರ್ಕ್‌ನನ್ನು ನೋಡಲು ಟೋಕಿಯೊಗೆ ಬನ್ನಿ. 1950ರ ಸೆಪ್ಟೆಂಬರ್, ಕೊರಿಯಾ ಯುದ್ಧ ನಡೆದಿದೆ. ಜಪಾನಿಯರ ಮೇಲಿನ ಅವನ ದ್ವೇಷ ಇನ್ನೂ ಆರಿಲ್ಲ. ಒಂದು ದಿನ ಅವನಿಗೆ ಗೊತ್ತಾಗುತ್ತದೆ: ರಬೌಲ್‌ನಲ್ಲಿ ಕೂತು ತನ್ನ ವಿರುದ್ಧ ಹಡಗು ಕಳಿಸುತ್ತಿದ್ದ ಅಡ್ಮಿರಲ್ ಕುಸಾಕಾ ಜಿನಿಚಿ ಈಗ ರೈಲು ಹಳಿಯ ಕೂಲಿ, ಮನೆಯಲ್ಲಿ ಹೊಟ್ಟೆಗಿಲ್ಲ. ಬರ್ಕ್ ಒಂದು ಪೆಟ್ಟಿಗೆ ಆಹಾರ ಕಳಿಸುತ್ತಾನೆ. ಸ್ವಲ್ಪ ಹೊತ್ತಿಗೆ ಕುಸಾಕಾ ಕಚೇರಿಗೆ ನುಗ್ಗುತ್ತಾನೆ, ಸವೆದ ಬಟ್ಟೆಯಲ್ಲಿ, ಕೆಂಡದಂಥ ಸಿಟ್ಟಿನಲ್ಲಿ. ತಾನು ಯಾರ ಭಿಕ್ಷೆಯನ್ನೂ ಉಣ್ಣುವವನಲ್ಲ, ಅಮೆರಿಕನ್ನರದಂತೂ ಬೇಡವೇ ಬೇಡ. ಆ ಸಿಟ್ಟಿನಲ್ಲಿ ಬರ್ಕ್‌ಗೆ ತನ್ನದೇ ಸ್ವಭಾವ ಕಂಡಿತು. ತಾನೂ ಆ ಜಾಗದಲ್ಲಿದ್ದರೆ ಹೀಗೇ ಬರುತ್ತಿದ್ದೆ ಎಂದುಕೊಂಡ. ಊಟಕ್ಕೆ ಕರೆದ. ಅಲ್ಲಿಂದ ಶುರುವಾದದ್ದು ಸ್ನೇಹ. ಅಡ್ಮಿರಲ್ ನೊಮುರಾ ಕಿಚಿಸಾಬುರೊ ಅವನಿಗೆ ಜಪಾನನ್ನು ತಿಳಿಹೇಳಿದ ಹಿರಿಯನಾದ. ಇದೇ ನೊಮುರಾ ಪರ್ಲ್ ಹಾರ್ಬರ್ ದಾಳಿಯ ದಿನ ವಾಷಿಂಗ್ಟನ್ನಿನಲ್ಲಿದ್ದ ಜಪಾನಿ ರಾಯಭಾರಿ. ಜಪಾನಿಗೆ ಮತ್ತೆ ಒಂದು ನೌಕಾದಳ ಬೇಕು ಎಂದು ವಾದಿಸಿ, ಅದನ್ನು ಕಟ್ಟಲು ಬರ್ಕ್ ವರ್ಷಗಟ್ಟಲೆ ನೆರವಾದ. 1961ರಲ್ಲಿ ಜಪಾನ್ ಅವನಿಗೆ ಉದಯಸೂರ್ಯ ಪದವಿಯ ಪ್ರಥಮ ದರ್ಜೆ ಕೊಟ್ಟಿತು.

ಇದಕ್ಕೂ ಮೊದಲು ಸ್ವದೇಶದಲ್ಲೂ ಒಂದು ಕಾದಾಟವಾಗಿತ್ತು. 1949ರಲ್ಲಿ ನೌಕಾದಳದ ಪರವಾಗಿ ಸರ್ಕಾರದ ನೀತಿಯ ವಿರುದ್ಧ ನಿಂತಿದ್ದಕ್ಕೆ ರಿಯರ್ ಅಡ್ಮಿರಲ್ ಬಡ್ತಿಯ ಪಟ್ಟಿಯಿಂದ ಅವನ ಹೆಸರು ಹೊಡೆದುಹೋಗಿ ಮತ್ತೆ ಸೇರಿತ್ತು. ಆರು ವರ್ಷದ ಬಳಿಕ ಐಸೆನ್‌ಹೋವರ್ ಅವನನ್ನು ತೊಂಬತ್ತಕ್ಕೂ ಹೆಚ್ಚು ಹಿರಿಯರನ್ನು ದಾಟಿಸಿ ನೌಕಾದಳದ ಮುಖ್ಯಸ್ಥನನ್ನಾಗಿ ಮಾಡಿದ. 1955ರಿಂದ 1961ರವರೆಗೆ ಮೂರು ಅವಧಿ, ಯಾರೂ ಅಷ್ಟು ಕಾಲ ಆ ಕುರ್ಚಿಯಲ್ಲಿ ಕೂತಿಲ್ಲ. ಸಬ್‌ಮರೀನಿನಿಂದ ಹಾರುವ ಪೊಲಾರಿಸ್ ಕ್ಷಿಪಣಿ ಅವನ ಹಠದ ಫಲ. ವಿಲಿಯಂ ರೇಬರ್ನ್ ಎಂಬ ಅಧಿಕಾರಿಯನ್ನು ಕರೆದು, ಬೇಕಾದ ಜನರನ್ನು ಆರಿಸಿಕೋ ಎಂದು ಪೂರ್ಣ ಅಧಿಕಾರ ಕೊಟ್ಟ. 1955ರ ಕೊನೆಗೆ ಶುರುವಾದ ಕೆಲಸ, 1960ರ ಜುಲೈ 20ರಂದು ಜಾರ್ಜ್ ವಾಷಿಂಗ್ಟನ್ ಸಬ್‌ಮರೀನ್ ನೀರಿನಡಿಯಿಂದ ಕ್ಷಿಪಣಿ ಹಾರಿಸಿತು. ಸೊಲೊಮನ್ ಕತ್ತಲಲ್ಲಿ ಕಂಡುಕೊಂಡ ಸೂತ್ರ ಇಲ್ಲಿಯೂ ಅದೇ: ಕೆಲಸ ಬಲ್ಲವನಿಗೆ ಕೊಡು, ಆಮೇಲೆ ಅಪ್ಪಣೆಗೆ ಕಾಯಿಸಬೇಡ.

ಈಗ 1991ರ ಜುಲೈ 4. ವರ್ಜೀನಿಯಾದ ನಾರ್ಫೊಕ್, ಸುಡುವ ಬಿಸಿಲು. ನೀವು ಧಕ್ಕೆಯ ಮೇಲಿದ್ದೀರಿ. ಎದುರಿಗೆ 154 ಮೀಟರ್ ಉದ್ದದ ಬೂದುಬಣ್ಣದ ಹಡಗು, ಮೈಯೆಲ್ಲ ಓರೆ ಕೊಯ್ದಂತೆ, ರಾಡಾರ್ ಅಲೆ ಪಕ್ಕಕ್ಕೆ ಸಿಡಿದುಹೋಗಲಿ ಎಂದು. ಬದುಕಿರುವವರ ಹೆಸರನ್ನು ಯುದ್ಧನೌಕೆಗೆ ಇಡುವುದು ಅಪರೂಪ. ಇದಕ್ಕೆ ಇಟ್ಟಿದ್ದಾರೆ: ಆರ್ಲೀ ಬರ್ಕ್. ಎರಡು ವರ್ಷದ ಹಿಂದೆ ಮೇನ್ ರಾಜ್ಯದ ಬಾತ್ ಐರನ್ ವರ್ಕ್ಸ್‌ನಲ್ಲಿ ಇದನ್ನು ನೀರಿಗಿಳಿಸಿದ್ದು ಬಾಬಿಯೇ.

ಏಣಿ ಹತ್ತಿ ಒಳಗೆ ಬನ್ನಿ. ಗೋಡೆಯನ್ನು ತಟ್ಟಿ ನೋಡಿ, ಉಕ್ಕು. ಅಷ್ಟೊತ್ತಿಗೆ ಹಡಗುಗಳ ಮೇಲ್ಭಾಗಕ್ಕೆ ಹಗುರವೆಂದು ಅಲ್ಯೂಮಿನಿಯಂ ಬಳಸುವುದು ರೂಢಿಯಾಗಿತ್ತು. 1975ರಲ್ಲಿ ಬೆಲ್‌ನ್ಯಾಪ್ ಎಂಬ ಕ್ರೂಸರ್ ಸಿಸಿಲಿ ಬಳಿ ವಿಮಾನವಾಹಕ ನೌಕೆ ಕೆನಡಿಗೆ ಡಿಕ್ಕಿ ಹೊಡೆದು ಹೊತ್ತಿಕೊಂಡಾಗ ಅದರ ಮೇಲ್ಭಾಗವೇ ಕರಗಿಹೋಯಿತು. ಅದರಿಂದ ಇಲ್ಲಿ ಮತ್ತೆ ಉಕ್ಕು, ಮುಖ್ಯ ಕೋಣೆಗಳ ಸುತ್ತ ಕೆವ್ಲಾರ್ ಕವಚ. ಒಳಗಿನ ಗಾಳಿಯನ್ನು ಹೊರಗಿನದಕ್ಕಿಂತ ಹೆಚ್ಚು ಒತ್ತಡದಲ್ಲಿಟ್ಟು ವಿಷಾನಿಲ ನುಸುಳದಂತೆ ಮಾಡಿದ್ದಾರೆ. ಕೆಳಗೆ ನಾಲ್ಕು ಗ್ಯಾಸ್ ಟರ್ಬೈನ್, ಒಟ್ಟು ಒಂದು ಲಕ್ಷ ಅಶ್ವಶಕ್ತಿ. ಡೆಕ್‌ನಲ್ಲಿ ಹುದುಗಿರುವ 90 ಕ್ಷಿಪಣಿ ಗೂಡುಗಳು. ಬ್ರಿಜ್ ಸುತ್ತ ನಾಲ್ಕು ದಿಕ್ಕಿಗೂ ಅಂಟಿಸಿದ ಎಂಟು ಮೂಲೆಯ ಫಲಕಗಳೇ ಏಜಿಸ್ ವ್ಯವಸ್ಥೆಯ ಕಣ್ಣು. ಇವು ತಿರುಗುವುದಿಲ್ಲ, ನಿಂತಲ್ಲೇ ಸುತ್ತಲೂ ಏಕಕಾಲಕ್ಕೆ ನೋಡುತ್ತವೆ, ನೂರಕ್ಕೂ ಹೆಚ್ಚು ಗುರಿಗಳನ್ನು ಹಿಂಬಾಲಿಸುತ್ತವೆ. ಡೈಸನ್‌ನ ಹುಡುಗ ಗಾಜಿನ ಮೇಲಿನ ಚುಕ್ಕೆ ಕಂಡು ಕೂಗಿ ಹೇಳಿದ ಕೆಲಸವನ್ನು ಈಗ ಯಂತ್ರ ಅರೆಕ್ಷಣದಲ್ಲಿ ಮಾಡುತ್ತದೆ. ಕೊನೆಯ ತೀರ್ಮಾನ ಮಾತ್ರ ಇನ್ನೂ ಮನುಷ್ಯನದೇ, ಆ ಹತ್ತು ಸೆಕೆಂಡ್ ಅವನ ಪಾಲಿಗೇ ಉಳಿದಿದೆ.

89ರ ಬರ್ಕ್ ಮೈಕಿನ ಮುಂದೆ ನಿಲ್ಲುತ್ತಾನೆ, ಬಾಬಿ ಪಕ್ಕದಲ್ಲಿ. ಸಿಬ್ಬಂದಿಗೆ ಅವನು ಹೇಳಿದ್ದು ಚಿಕ್ಕದು: ಈ ಹಡಗನ್ನು ಕಟ್ಟಿರುವುದು ಕಾದಾಡಲಿಕ್ಕೆ, ಹೇಗೆ ಎಂಬುದನ್ನು ನೀವು ಕಲಿತಿರಬೇಕು. ಹೊಗಳಿಕೆಯ ದಿನ ಹೊಗಳಿಕೆಯ ಮಾತಾಡದೆ ಇಪ್ಪತ್ತರ ಹುಡುಗರಿಗೆ ಕೆಲಸ ಹಚ್ಚಿದ. ಹೆಸರನ್ನು ಗೌರವಿಸುವ ದಾರಿ ಅವನಿಗೆ ಗೊತ್ತಿದ್ದದ್ದು ಅದೊಂದೇ.

1996ರ ಜನವರಿ 1ರಂದು ಬರ್ಕ್ ತೀರಿಕೊಂಡ. ಅನಾಪೊಲಿಸ್‌ನ ಸ್ಮಶಾನದಲ್ಲಿ ಅವನ ಕಲ್ಲಿನ ಮೇಲೆ ‘ನಾವಿಕ’ ಎಂದಿದೆ; ಮರುವರ್ಷ ಪಕ್ಕಕ್ಕೆ ಬಂದ ಬಾಬಿಯದರಲ್ಲಿ ‘ನಾವಿಕನ ಹೆಂಡತಿ’. ಆದರೆ ಹಡಗು ನಿಲ್ಲಲಿಲ್ಲ. ಅದೇ ನಕ್ಷೆಯಲ್ಲಿ ಬಾತ್‌ನಲ್ಲೂ ಮಿಸಿಸಿಪ್ಪಿಯ ಪಾಸ್ಕಗೂಲಾದಲ್ಲೂ ಒಂದಾದ ಮೇಲೊಂದು ಕಟ್ಟಿದರು. 70ಕ್ಕೂ ಹೆಚ್ಚಾಗಿವೆ, ಇನ್ನೂ ಕಟ್ಟುತ್ತಿದ್ದಾರೆ. ಜಪಾನ್ ಕೂಡ ಆ ನಕ್ಷೆಯನ್ನೇ ಆಧಾರವಾಗಿ ಹಿಡಿದು ಕಾಂಗೊ ವರ್ಗದ ಹಡಗುಗಳನ್ನು ಮಾಡಿತು. ಮೊದಲನೆಯದು 1993ರಲ್ಲಿ ನಾಗಾಸಾಕಿಯಲ್ಲಿ ಸೇವೆಗೆ ಬಂತು. ಸೇಂಟ್ ಜಾರ್ಜ್ ಭೂಶಿರದ ಬಳಿ ಮುಳುಗಿದ ಹೆಸರುಗಳನ್ನೂ ಜಪಾನ್ ಬಿಟ್ಟುಕೊಡಲಿಲ್ಲ. ಒನಾಮಿ, ಮಾಕಿನಾಮಿ, ಯೂಗಿರಿ ಮೂರೂ ಹೊಸ ಹಡಗುಗಳಾಗಿ ಮತ್ತೆ ನೀರಿಗಿಳಿದವು. 2007ರ ಸೆಪ್ಟೆಂಬರ್‌ನಲ್ಲಿ ಮಲಬಾರ್ ನೌಕಾ ಅಭ್ಯಾಸ ನಮ್ಮ ಬಂಗಾಳ ಕೊಲ್ಲಿಯಲ್ಲೇ ನಡೆಯಿತು. ಭಾರತದ ವಿಮಾನವಾಹಕ ನೌಕೆ ವಿರಾಟ್ ಅಲ್ಲಿತ್ತು, ಆರ್ಲೀ ಬರ್ಕ್ ವರ್ಗದ ಡೆಸ್ಟ್ರಾಯರ್‌ಗಳಿದ್ದವು, ಜಪಾನ್ ಕಳಿಸಿದ ಎರಡು ಹಡಗುಗಳಲ್ಲಿ ಒಂದು ಒನಾಮಿ.